ಕೈ ಕುಲುಕಿದ ಗಡಿಗೆಗಳು

ಸಭ್ಯಸ್ಥರನ್ನು ಕಂಡರೆ ತಾಮುವಿಗೆ ಮೈ ಉರಿಯುತ್ತಿತ್ತು. ಕಳ್ಳನನ್ನು ಕ್ಷಮಿಸಿಯಾಳು, ಕುಡುಕನನ್ನು ಕೂರಿಸಿ ಬಿಸಿ ರೊಟ್ಟಿ ಕೊಟ್ಟಾಳು. ಆದರೆ ಎದೆಯ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿ, "ತಾವು ಕ್ಷೇಮವೇ, ಮನೆಯವರು ಕ್ಷೇಮವೇ, ದೇವರು ತಮ್ಮ ಆಯಸ್ಸು ಹೆಚ್ಚಿಸಲಿ" ಎಂದು ಜೇನು ಸುರಿಸುತ್ತ ಬರುವವನನ್ನು ಕಂಡರೆ ಅವಳ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. "ಇವ್ನು ಏನೋ ಕದ್ದಿದಾನೆ. ಇಲ್ದಿದ್ರೆ ಕದಿಯೋಕೆ ಬಂದಿದಾನೆ" ಅನ್ನುತ್ತಿದ್ದಳು, ಅವನ ಕಿವಿಗೆ ಬೀಳುವ ಹಾಗೆಯೇ.

ನಮ್ಮ ಸೆಫ್ರೂ ಊರಿನ ಮಲ್ಲಾಹ್‌ನಲ್ಲಿ, ಒಂದು ಕಾಲಕ್ಕೆ ಯಹೂದಿಗಳಿಂದ ಗಿಜಿಗುಡುತ್ತಿದ್ದ ಆ ಕೇರಿಯಲ್ಲಿ, ಅವಳದು ರೊಟ್ಟಿ ಭಟ್ಟಿ. ಗಂಡ ಸತ್ತ ಮೇಲೆ ಮೈದುನಂದಿರು ಭಟ್ಟಿಯನ್ನು ಹೊಡೆದುಕೊಳ್ಳಲು ಬಂದರು. ಒಲೆಯ ಉದ್ದನೆಯ ಸಲಿಕೆ ಹಿಡಿದು ಬಾಗಿಲಲ್ಲಿ ನಿಂತಳು, ಅಷ್ಟೆ, ಮತ್ತೆ ಅವರು ಆ ಬೀದಿಗೆ ತಲೆ ಹಾಕಲಿಲ್ಲ. ಬೆಳಗಾದರೆ ಮನೆಮನೆಯ ಹೆಂಗಸರು ಹಲಗೆಯ ಮೇಲೆ ಹಿಟ್ಟಿನ ಉಂಡೆ ಜೋಡಿಸಿಕೊಂಡು ಬರುವರು. ಬೇಯಿಸಿ ಕೊಡುವುದು ಅವಳ ಕಸುಬು, ಬೈಯುವುದು ಅದರ ಜೊತೆಗೆ ಪುಕ್ಕಟೆ. "ಇದೇನೇ, ಹಿಟ್ಟೋ ಗೋಡೆಗೆ ಬಳಿಯೋ ಸುಣ್ಣಾನೋ? ನಿನ್ನ ಗಂಡ ಹೋಟೆಲಲ್ಲಿ ಯಾಕೆ ತಿಂತಾನೆ ಅಂತ ಈಗ ಗೊತ್ತಾಯ್ತು." ಹೆಂಗಸರು ಶಾಪ ಹಾಕುತ್ತಲೇ ಮರುದಿನವೂ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಅವಳ ಭಟ್ಟಿಯಲ್ಲಿ ರೊಟ್ಟಿ ಸೀಯುತ್ತಿರಲಿಲ್ಲ.

ಅವಳ ಬೈಗುಳಕ್ಕೆ ಸರಿಸಮ ಉತ್ತರ ಕೊಡಬಲ್ಲ ಪ್ರಾಣಿ ಊರಿನಲ್ಲಿ ಒಂದೇ ಇತ್ತು: ಫ್ರೇಹಾ. ಯಹೂದಿಗಳು ಒಬ್ಬರ ಹಿಂದೊಬ್ಬರು ಗಂಟುಮೂಟೆ ಕಟ್ಟಿ ಇಸ್ರೇಲಿಗೋ ಫ್ರಾನ್ಸಿಗೋ ಹೊರಟುಹೋದ ಮೇಲೆ ಕೇರಿಯಲ್ಲಿ ಉಳಿದವಳು ಅವಳೊಬ್ಬಳೇ. ಮದುಮಕ್ಕಳ ನಿಲುವಂಗಿಗೆ ಜರಿ ಹೊಲಿಯುವವಳು. ಫ್ರಾನ್ಸಿನ ಮಾರ್ಸೇಲ್‌ನಲ್ಲಿದ್ದ ತಂಗಿ ಬಾ ಬಾ ಎಂದು ಕರೆಯುತ್ತಲೇ ಇದ್ದಳು. "ಯಾಕೆ ಹೋಗ್ಲಿಲ್ಲ?" ಎಂದು ಯಾರಾದರೂ ಕೇಳಿದರೆ, "ಹೋಗ್ಬೇಕಾದ್ರೆ ಮನೆಗೆ ಬೀಗ ಹಾಕ್ಬೇಕು. ನಮ್ಮನೆ ಬೀಗ ಕಳ್ದುಹೋಗಿದೆ" ಅನ್ನುವಳು. ಮುಂದಕ್ಕೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನವಾದರೆ ಫ್ರೇಹಾ ಸಖೀನಾದ ಗಡಿಗೆ ತರುತ್ತಿದ್ದಳು. ಮಾಂಸ, ಗೋಧಿ, ಆಲೂಗಡ್ಡೆ, ಸಿಪ್ಪೆ ಸಮೇತ ಮೊಟ್ಟೆ, ಎಲ್ಲ ಒಂದರಲ್ಲೇ. ಶನಿವಾರ ಅವರು ಬೆಂಕಿ ಮುಟ್ಟುವ ಹಾಗಿಲ್ಲವಲ್ಲ. ಗಡಿಗೆ ಭಟ್ಟಿಯ ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಬೆಂದು ಮರುದಿನದ ಊಟವಾಗಬೇಕು. ಬೆಂಕಿಗೆ ಯಹೂದಿಯ ಕೈಯಿಂದ ಒಂದು ಕಡ್ಡಿಯಾದರೂ ಬೀಳಬೇಕು ಎನ್ನುವುದೂ ಅವರ ಕಟ್ಟಳೆ. ಫ್ರೇಹಾ ಕಡ್ಡಿ ಎಸೆದಾಗಲೆಲ್ಲ ತಾಮು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು.

"ನನ್ನ ಸೌದೆ ಆಗುತ್ತೆ, ನನ್ನ ಒಲೆ ಆಗುತ್ತೆ, ನನ್ನ ಬೆಂಕಿ ಮಾತ್ರ ಆಗಲ್ವಾ? ನಿಮ್ಮ ದೇವ್ರೇನು ವಕೀಲನೇನೇ?"

"ನಿಮ್ಮ ದೇವ್ರು ಹಗಲೆಲ್ಲ ಉಪವಾಸ ಕೆಡವಿ ಕತ್ತಲಾದ್ಮೇಲೆ ಬೆಲ್ ಹೊಡೀತಾನೆ. ಅವ್ನೇನು ಸ್ಕೂಲ್ ಮಾಸ್ತರಾ?"

"ಇಬ್ರಿಗೂ ಇರೋನು ಒಬ್ನೇ ಕಣೇ. ಮೆಲ್ಲಗೆ ಮಾತಾಡು, ಕೇಳಿಸ್ಕೊಂಡಾನು."

ಹೀಗೆ ನಡೆದಿತ್ತು ಅವರ ಸ್ನೇಹ. ಅವರು ಮಾತಾಡದ ವಿಷಯವೇ ಇರಲಿಲ್ಲ. ಇವರ ಪ್ರವಾದಿ, ಅವರ ಪ್ರವಾದಿ, ಯಾರು ಯಾರಿಗೆ ಯಾವ ಊರಲ್ಲಿ ದ್ರೋಹ ಮಾಡಿದರು, ಯಾರ ಗಂಡ ಹೆಚ್ಚು ಗೊರಕೆ ಹೊಡೆಯುತ್ತಿದ್ದ, ಎಲ್ಲವೂ ಭಟ್ಟಿಯ ಮುಂದೆ ಬಟಾಬಯಲು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಅದನ್ನು ಹೇಳಿದವನು ಈ ಇಬ್ಬರನ್ನು ನೋಡಿರಲಿಲ್ಲ. ಜಗಳ ಇಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಇಂಥ ಕಡೆಗೆ ಮುಫದ್ದಲ್ ಸಾಹೇಬರು ಕಾಲಿಟ್ಟರು. ನಿವೃತ್ತ ಶಾಲಾ ಇನ್‌ಸ್ಪೆಕ್ಟರು, ಈಗ ಸೌಹಾರ್ದ ಸಂವಾದ ವೇದಿಕೆಯ ಅಧ್ಯಕ್ಷರು. ನೌಕರಿಯಲ್ಲಿದ್ದಷ್ಟು ಕಾಲ ಮಕ್ಕಳ ಬಾಯಿ ಮುಚ್ಚಿಸಿದ್ದರು; ಈಗ ಊರಿನ ದೊಡ್ಡವರಿಗೆ ಮಾತಾಡುವುದನ್ನು ಕಲಿಸಲು ಹೊರಟಿದ್ದರು. ಎದೆಯ ಮೇಲೆ ಕೈಯಿಟ್ಟೇ ಭಟ್ಟಿಯ ಒಳಗೆ ಬಂದರು. ಹಿಟ್ಟಿನ ಧೂಳು ಕೋಟಿಗೆ ಮೆತ್ತಿದಾಗ ಮಾತ್ರ ಒಂದು ಗಳಿಗೆ ಆ ಕೈ ತೆಗೆದು ಕೊಡವಿಕೊಂಡರು.

"ನಿಮ್ಮಿಬ್ಬರ ಸ್ನೇಹ ಜಗತ್ತಿಗೇ ಮಾದರಿ, ಅಮ್ಮಾ" ಎಂದರು.

"ಜಗತ್ತಿಗೆ ಬೇರೆ ಕೆಲ್ಸ ಇಲ್ವಾ?" ಎಂದಳು ತಾಮು.

ಅವರ ಯೋಜನೆ ಇಷ್ಟು. ಕಾಸಾಬ್ಲಾಂಕಾದಿಂದ, ಪ್ಯಾರಿಸ್‌ನಿಂದ ಅತಿಥಿಗಳು ಬರುತ್ತಾರೆ, ಅರ್ಧ ಮುಸ್ಲಿಮರು, ಅರ್ಧ ಯಹೂದಿಗಳು. ಒಂದೇ ಮೇಜು. ಅದರ ಒಂದು ಕೊನೆಯಲ್ಲಿ ತಾಮು ಬೇಯಿಸಿದ ಗಡಿಗೆ, ಇನ್ನೊಂದು ಕೊನೆಯಲ್ಲಿ ಫ್ರೇಹಾಳ ಸಖೀನಾ. ಸಖೀನಾ ಎಂದ ಮೇಲೆ ಊಟ ಶನಿವಾರವೇ ಆಗಬೇಕು.

ಫ್ರೇಹಾ ಕೇಳಿದಳು, "ಶನಿವಾರ ನಾನು ಮೈಕ್ ಮುಟ್ಟೋ ಹಾಗಿಲ್ಲ, ಫೋಟೋಗೆ ನಿಲ್ಲೋ ಹಾಗಿಲ್ಲ. ಅದು ಗೊತ್ತಾ?"

"ನೀವೇನೂ ಮುಟ್ಟಬೇಡಿ ಅಮ್ಮಾ. ಮೈಕನ್ನು ನಾವೇ ನಿಮ್ಮ ಬಾಯಿ ಹತ್ತಿರ ಹಿಡೀತೀವಿ."

ಆಮೇಲೆ ದನಿ ತಗ್ಗಿಸಿ ಒಂದು ಸಣ್ಣ ವಿನಂತಿ ಎಂದರು. ಅತಿಥಿಗಳ ಮುಂದೆ ಯುದ್ಧದ ಮಾತು ಬೇಡ, ಧರ್ಮದ ಮಾತು ಬೇಡ, ಯಾವ ದೇಶ ಯಾರದ್ದು ಅನ್ನುವುದಂತೂ ಬೇಡವೇ ಬೇಡ.

"ಮತ್ತೆ ಏನು ಮಾತಾಡೋದು?" ಎಂದಳು ತಾಮು.

"ಸ್ನೇಹದ ಬಗ್ಗೆ ಮಾತಾಡಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ನೇಹದ ಬಗ್ಗೆ ಅವರು ಒಂದು ದಿನವೂ ಒಂದು ಮಾತೂ ಆಡಿರಲಿಲ್ಲ. ತಾಮು ಅಂದೇ ಅವರನ್ನು ಓಡಿಸುತ್ತಿದ್ದಳು. ಆದರೆ ಫ್ರೇಹಾಳ ಕಣ್ಣು ಹೊಳೆಯಿತು. ಎಷ್ಟೋ ವರ್ಷಗಳಿಂದ ಒಬ್ಬಳಿಗೋಸ್ಕರ ಬೇಯಿಸಿಕೊಳ್ಳುತ್ತಿದ್ದ ಹೆಂಗಸು. ಒಂದು ಊಟದ ಸಾಲಿಗೆ ಬಡಿಸುವ ಆಸೆ ಅವಳಿಗಿತ್ತು. "ಆಗ್ಲಿ ಬಿಡೇ, ಒಂದು ಸಲ" ಎಂದಳು. ತಾಮು ಒಪ್ಪಿದ್ದು ಅದಕ್ಕೆ, ಇನ್ಯಾವ ಸೌಹಾರ್ದಕ್ಕೂ ಅಲ್ಲ.

ಸಾಹೇಬರು ಹೋಗುವ ಮುನ್ನ ಇಬ್ಬರಿಗೂ ಒಂದೊಂದು ಹೊಸ ಗಡಿಗೆ ಕೊಟ್ಟರು. ಒಂದೇ ಅಳತೆ, ಒಂದೇ ಬಣ್ಣ, ಎರಡರ ಮೇಲೂ ಕೈ ಕುಲುಕುವ ಎರಡು ಕೈಗಳ ಚಿತ್ರ. ಫ್ರೇಹಾಳ ಹಳೆಯ ಗಡಿಗೆಯ ಅಂಚು ಒಡೆದಿತ್ತು, ಕುತ್ತಿಗೆಗೆ ಕೆಂಪು ಚಿಂದಿ ಕಟ್ಟಿರುತ್ತಿತ್ತು. ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡರೂ ತಾಮು ಅದನ್ನು ತಡವಿ ಹೇಳಬಲ್ಲವಳಾಗಿದ್ದಳು. ಈಗ ಯಾರದು ಯಾವುದೆಂದು ದೇವರೇ ಹೇಳಬೇಕು. ಸಾಹೇಬರ ಪ್ರಕಾರ ಅದೇ ಸೌಹಾರ್ದ.

ಅದೇ ವಾರ ಟೀವಿಯಲ್ಲಿ ಇಸ್ರೇಲಿನ ಯುದ್ಧ ಬಂತು. ಬುಧವಾರ ಭಟ್ಟಿಯ ಮುಂದೆ ತಾಮು ನೇರವಾಗಿ ಕೇಳಿದಳು, "ನಿಮ್ಮೋರು ಮಲಗಿರೋ ಮಕ್ಕಳ ಮೇಲೆ ಬಾಂಬ್ ಹಾಕಿದ್ರಂತಲ್ಲೇ? ನಿನಗೆ ಊಟ ಇಳೀತಾ?"

"ನಿಮ್ಮೋರು ಬಸ್ಸಲ್ಲಿ ಕೂತಿದ್ದ ಹೆಂಗಸರನ್ನ ಸುಟ್ರಲ್ಲ, ಅವತ್ತು ನೀನು ಉಪವಾಸ ಇದ್ದಿದ್ಯಾ?"

ಬೇರೆ ಜಗಳಗಳ ಹಾಗಿರಲಿಲ್ಲ ಅದು. "ನಿನ್ನ ತಂಗಿ ಹತ್ರ ಹೋಗು, ಅಲ್ಲಿ ನಿಮ್ಮೋರಿದಾರೆ" ಎಂದುಬಿಟ್ಟಳು ತಾಮು. ಆಡಿದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು, ಆದರೆ ಫ್ರೇಹಾ ಹಲಗೆ ಎತ್ತಿಕೊಂಡು ನಡೆದಾಗಿತ್ತು.

ಶುಕ್ರವಾರ ಹೊಸ ಗಡಿಗೆ ಬಂತು. ಫ್ರೇಹಾ ಕಡ್ಡಿ ಎಸೆದಳು. ಬೇರೆ ಶುಕ್ರವಾರಗಳಂದು "ಬಲಮೂಲೆಗಿಡೇ, ಎಡಗಡೆ ಸೀಯುತ್ತೆ" ಎಂದು ತಲೆ ತಿನ್ನುತ್ತಿದ್ದವಳು ತುಟಿ ಹೊಲಿದುಕೊಂಡು ಹೊರಟುಹೋದಳು. ತಾಮುವಿನ ಗಡಿಗೆಯಲ್ಲಿದ್ದದ್ದು ಒಂಟೆ ಮಾಂಸ, ಕಡಲೆ. ನಮಗೆ ಅದು ಹಬ್ಬದೂಟ, ಯಹೂದಿಗಳಿಗೆ ಹಂದಿಯಷ್ಟೇ ನಿಷಿದ್ಧ. ಎರಡಕ್ಕೂ ಹಿಟ್ಟಿನಿಂದ ಬಾಯಿ ಮೆತ್ತಿ, ಮನಸ್ಸಿನಲ್ಲಿ ಜಗಳ ಮುಂದುವರಿಸುತ್ತಲೇ ತಾಮು ಒಳಗೆ ತಳ್ಳಿದಳು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಅವಳ ತಲೆಯಲ್ಲಿ ಉಳಿಯಲಿಲ್ಲ. ಬೆಳಿಗ್ಗೆ ಎರಡನ್ನೂ ಹೊರಗೆಳೆದು, ಇದೇ ಅವಳದು ಎಂದುಕೊಂಡು ವೇದಿಕೆಯ ಆಳುಗಳಿಗೆ ತೋರಿಸಿದಳು.

ಶನಿವಾರದ ಊಟದ ಚಂದ ನೋಡಬೇಕಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಕುರ್ಚಿಗೊಂದು ಹೆಸರಿನ ಚೀಟಿ, ಗೋಡೆಯ ಮೇಲೆ ಪಾರಿವಾಳ. ಫೋಟೋದಲ್ಲಿ ತೂಕ ಸರಿಯಿರಲೆಂದು ತಾಮುವನ್ನು ಒಂದು ಕೊನೆಗೆ, ಫ್ರೇಹಾಳನ್ನು ಇನ್ನೊಂದು ಕೊನೆಗೆ ಕೂರಿಸಿದ್ದರು. ಸ್ನೇಹಿತೆಯರಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ದೂರ. ಪ್ಯಾರಿಸ್ಸಿನ ಯಹೂದಿ ಅತಿಥಿಯೊಬ್ಬ ಶನಿವಾರ ಮುಟ್ಟಬಾರದ ಕಾರನ್ನೇ ಓಡಿಸಿಕೊಂಡು ಬಂದು ಇಳಿದವನು, ಮಾಂಸ ಶುದ್ಧವಾದದ್ದು ತಾನೇ ಎಂದು ಮೂರು ಸಲ ವಿಚಾರಿಸಿದ. ಕಾಸಾಬ್ಲಾಂಕಾದ ಮುಸ್ಲಿಂ ಪ್ರೊಫೆಸರರು ಇನ್ನೂ ಬೇರೆ ಗಿರಾಕಿ. ನಮ್ಮ ಯಹೂದಿ ಸೋದರರು, ನಮ್ಮ ಯಹೂದಿ ಸೋದರರು ಎಂದು ಬಾಯಿ ತುಂಬ ಹೇಳಿದರು. ಎದುರಿಗೆ ಕೂತಿದ್ದ ಸೋದರನ ಹೆಸರನ್ನು ಮಾತ್ರ ಚೀಟಿ ನೋಡಿ ಓದಿದರು.

ಆಳುಗಳು ಬಡಿಸಿಕೊಂಡು ಬಂದರು. ತಾಮುವಿನ ತಟ್ಟೆಯಲ್ಲಿ ಸಿಪ್ಪೆ ಸಮೇತ ಬೆಂದು ಕಂದು ಬಣ್ಣಕ್ಕೆ ತಿರುಗಿದ ಒಂದು ಮೊಟ್ಟೆ.

ಈ ಮೊಟ್ಟೆ ಸಖೀನಾದ್ದು. ಹಾಗಾದರೆ ಆ ಕೊನೆಯಲ್ಲಿ ಅವರೆಲ್ಲ ತಿನ್ನುತ್ತಿರುವುದು? ಕತ್ತು ಚಾಚಿ ನೋಡಿದಳು. ಪ್ಯಾರಿಸ್ಸಿನವನು ಒಂಟೆಯ ತುಂಡನ್ನು ಅಗಿಯುತ್ತ, ಕಣ್ಣು ಅರ್ಧ ಮುಚ್ಚಿ, "ಆಹಾ! ನಮ್ಮ ಅಜ್ಜಿಯರ ಎರಡು ಸಾವಿರ ವರ್ಷಗಳ ನೆನಪು ಈ ತುತ್ತಿನಲ್ಲಿದೆ" ಅನ್ನುತ್ತಿದ್ದ. ಪ್ರೊಫೆಸರರು ಅದನ್ನು ಬರೆದುಕೊಂಡರು. ಅವನ ಪಕ್ಕದಲ್ಲಿ ಫ್ರೇಹಾ ಬಾಯಿ ಆಡಿಸುತ್ತ ಎಲ್ಲರಿಗೂ ನಗು ಹಂಚುತ್ತಿದ್ದಳು.

ತಾಮು ಎದ್ದೇಬಿಟ್ಟಳು. ಮುಫದ್ದಲ್ ಸಾಹೇಬರು ಓಡಿಬಂದು ತೋಳು ಹಿಡಿದರು. ವಿಷಯ ಕಿವಿಗೆ ಬಿದ್ದದ್ದೇ ತಡ, ಮುಖ ಬಿಳಿಚಿಕೊಂಡಿತು.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡಿ. ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ. ಸ್ನೇಹಕ್ಕಾಗಿ, ಅಮ್ಮಾ, ಸ್ನೇಹಕ್ಕಾಗಿ!"

ಆ ಮನುಷ್ಯನ ಮಾತಿಗೆ ತಾಮು ಬಾಯಿ ಮುಚ್ಚುವವಳೇ? ಅವಳು ಕೂತದ್ದು ಬೇರೆ ಭಯಕ್ಕೆ. ಫ್ರೇಹಾಳಿಗೆ ಗೊತ್ತಾಗಿಲ್ಲ, ಅದಂತೂ ಖಂಡಿತ, ಗೊತ್ತಾಗಿದ್ದರೆ ಸುಮ್ಮನಿರುವವಳಲ್ಲ. ರೊಟ್ಟಿಯಲ್ಲಿ ಒಂದು ಕೂದಲು ಸಿಕ್ಕಿದ್ದಕ್ಕೆ ಮೂರು ಬೀದಿಗೆ ಕೇಳುವ ಹಾಗೆ ಕಿರುಚಿದ್ದ ಹೆಂಗಸು, ಬಾಯಲ್ಲಿ ಒಂಟೆ ಇದ್ದರೆ ಮೇಜನ್ನೇ ಮಗುಚುತ್ತಿದ್ದಳು. ಆದರೆ ಗೊತ್ತಾದ ದಿನ? ಮತ್ತೆ ಈ ಭಟ್ಟಿಗೆ ಗಡಿಗೆ ತರುತ್ತಾಳೆಯೇ? ಊರಲ್ಲಿ ಇನ್ನೊಂದು ಭಟ್ಟಿಯನ್ನು ಅವಳು ನಂಬುವುದಿಲ್ಲ. ನಂಬಿದ ಒಂದೂ ಹೋದರೆ ಬೀಗ ಸಿಕ್ಕೇ ಸಿಗುತ್ತದೆ, ಮಾರ್ಸೇಲ್‌ಗೆ ಹೊರಟೇಬಿಡುತ್ತಾಳೆ. ಫ್ರೇಹಾ ಇಲ್ಲದ ಸೆಫ್ರೂವಿನಲ್ಲಿ ತಾನು ಯಾರಿಗೆ ಬೈಯುತ್ತ ಬದುಕುವುದು? ಸುಮ್ಮನೆ ಕೂತಳು, ತನ್ನ ಮೇಲೆ ತಾನೇ ಅಸಹ್ಯಪಡುತ್ತ.

ಒಂದು ಇರುಳು ಕಳೆಯುವಷ್ಟರಲ್ಲಿ ಆ ಅಸಹ್ಯ ತಡೆಯಲಾರದಷ್ಟಾಯಿತು. ಮುಚ್ಚಿಟ್ಟು ಉಳಿಸಿಕೊಂಡ ಗೆಳೆತನಕ್ಕೂ ಮುಫದ್ದಲನ ಪಾರಿವಾಳಕ್ಕೂ ಏನು ವ್ಯತ್ಯಾಸ? ಹೋಗುವುದಾದರೆ ಹೋಗಲಿ, ತಿಳಿದು ಹೋಗಲಿ ಎಂದುಕೊಂಡು ಭಾನುವಾರ ಬೆಳಿಗ್ಗೆ ಫ್ರೇಹಾಳ ಬಾಗಿಲು ಬಡಿದಳು.

"ಬನ್ನಿ, ಲಲ್ಲಾ ತಾಮು. ಕೂತ್ಕೊಳ್ಳಿ" ಎಂದಳು ಫ್ರೇಹಾ.

ತಾಮು ಹೊಸಿಲಲ್ಲೇ ನಿಂತುಬಿಟ್ಟಳು. ಲಲ್ಲಾ ಎಂದು ಕರೆಯುವುದು ಯಜಮಾನಿತಿಯನ್ನು, ದೊಡ್ಡ ಮನೆಯ ಸೊಸೆಯನ್ನು, ಕಾಸಿನ ಮಟ್ಟಿಗಷ್ಟೇ ಪರಿಚಯವಿರುವ ಗಿರಾಕಿಯನ್ನು. ಇಷ್ಟು ಕಾಲ ಈ ಬಾಯಿಂದ ಕತ್ತೆ, ಗೂಬೆ, ಮಸಿಮೂತಿ ಕೇಳಿದ್ದಳೇ ಹೊರತು ಇದನ್ನು ಕೇಳಿರಲಿಲ್ಲ.

"ನಿನ್ನೆ ನೀನು ತಿಂದಿದ್ದು ಒಂಟೆ" ಎಂದಳು, ಕಡ್ಡಿ ಮುರಿದ ಹಾಗೆ. "ಗಡಿಗೆ ಅದಲು ಬದಲಾಯ್ತು. ತಪ್ಪು ನಂದು. ಏನು ಬೈಬೇಕೋ ಬೈ."

ಫ್ರೇಹಾ ಪುದೀನಾ ಚಹಾ ಬಗ್ಗಿಸುತ್ತಲೇ ಇದ್ದಳು. "ಗೊತ್ತು" ಎಂದಳು.

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ತುತ್ತಿಗೇ. ಆ ಕೊಬ್ಬಿನ ವಾಸ್ನೆ ಗೊತ್ತಾಗಲ್ವಾ? ನಿಮ್ಮ ಭಟ್ಟೀಲಿ ದಿನಾ ಮೂಗಿಗೆ ಹೊಡೀತಿರುತ್ತೆ."

"ಮತ್ತೆ ನುಂಗಿದೆ? ನಕ್ಕೆ?"

"ನುಂಗಿದೆ. ನಕ್ಕೆ. ಪರವಾಗಿಲ್ಲ ಬಿಡಿ, ಆಗಿದ್ದಾಯ್ತು. ಚಹಾ ತಗೊಳ್ಳಿ."

ತಾಮು ಒಳಗೆ ಬಂದು ಧೊಪ್ಪನೆ ಕೂತಳು. ಚಹಾದ ಲೋಟವನ್ನು ಆಚೆ ಸರಿಸಿದಳು. "ಪರವಾಗಿಲ್ಲ ಅಂತೀಯಾ? ನೀನು? ಕೂದಲಿಗೆ ಕಿರುಚಿದೋಳು ಒಂಟೆಗೆ ಪರವಾಗಿಲ್ಲ ಅಂತೀಯಾ? ಆ ಅಧ್ಯಕ್ಷನ ಎಂಜಲು ತಿಂದ್ಯೇನೇ? ಯಾಕೆ ಸುಮ್ನಿದ್ದೆ? ನಿಜ ಹೇಳು."

ಫ್ರೇಹಾ ಚಹಾದ ಪಾತ್ರೆ ಕೆಳಗಿಟ್ಟಳು. ಆಮೇಲೆ ಆಡಿದಾಗ ಆ ಸಿಹಿ ದನಿ ಹೋಗಿ ಹಳೆಯ ಗೊಗ್ಗರು ದನಿ ಬಂದಿತ್ತು.

"ಹೆದ್ರಿಕೆ ಆಯ್ತು. ಸಾಕಾ? ಈ ಊರಲ್ಲಿ ನಾನೊಬ್ಳು. ಬುಧವಾರ ನೀನು ನಿಮ್ಮೋರ ಹತ್ರ ಹೋಗು ಅಂದೆ. ಶನಿವಾರ ನನ್ನ ತಟ್ಟೇಲಿ ಒಂಟೆ ಬಂತು. ಬೇಕಂತ್ಲೇ ಮಾಡಿದ್ಯಾ ಅನ್ನಿಸ್ತು."

"ನಾನು? ಬೇಕಂತ?"

"ಹೂಂ. ನೀನು. ಬೇಕಂತ. ಈಗ್ಲೂ ಪೂರ್ತಿ ಹೋಗಿಲ್ಲ ಆ ಅನುಮಾನ. ನಿಜ ಕೇಳ್ದೆ, ನಿಜ ಹೇಳ್ದೆ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು ತಾಮುವಿಗೆ. ತಟ್ಟನೆ ಎದ್ದಳು. "ನಿನ್ನ ಗಂಡ ಸತ್ತು ನೀನು ಸೂತಕದಲ್ಲಿ ಕೂತಿದ್ದ ಏಳು ದಿನ ಈ ಮನೆಗೆ ರೊಟ್ಟಿ ಹೊತ್ತೋಳು ನಾನು. ಇನ್ಮೇಲೆ ನನ್ನ ಭಟ್ಟಿ ಕಡೆ ತಲೆ ಹಾಕ್ಬೇಡ" ಎಂದವಳೇ ಬಾಗಿಲು ದಡಾರನೆ ಹಾಕಿಕೊಂಡು ಹೊರಬಿದ್ದಳು.

ಆ ವಾರ ಕೇರಿಯ ಹೆಂಗಸರು ಪಟ್ಟ ಪಾಡು ನಾಯಿಗೂ ಬೇಡ. ತಾಮು ಹಿಟ್ಟು ನೋಡದೆಯೇ ಬೈದಳು. ಮುಫದ್ದಲ್ ಸಾಹೇಬರು ಪತ್ರಿಕೆ ಹಿಡಿದು ಬಂದರು. ಮೊದಲ ಪುಟದಲ್ಲಿ ಬಾಯಲ್ಲಿ ಒಂಟೆ ಇಟ್ಟುಕೊಂಡು ನಗುತ್ತಿರುವ ಫ್ರೇಹಾ. "ಆಕೆ ಏನೂ ಅನ್ನಲಿಲ್ಲ ನೋಡಿ! ಇದಕ್ಕೇ ಸಹನೆ ಅನ್ನೋದು" ಎಂದರು ಸಂತೋಷದಿಂದ. ತಾಮು ಆ ಪತ್ರಿಕೆಯನ್ನು ಅವರ ಕಣ್ಣೆದುರೇ ಭಟ್ಟಿಗೆ ತುರುಕಿದಳು. ಇನ್ನೊಂದು ಗಳಿಗೆ ನಿಂತಿದ್ದರೆ ಅವರ ಟೋಪಿಯೂ ಹೋಗುತ್ತಿತ್ತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಓಡಾಡುವ ಈ ಜನಕ್ಕೆ ತನ್ನ ಫ್ರೇಹಾ ಇನ್ನೊಬ್ಬರ ಎದುರು ನಡುಗಿದ್ದೇ ಸಾಧನೆಯಾಗಿ ಕಂಡಿತಲ್ಲ ಎಂದು ಅವಳ ಹೊಟ್ಟೆ ಉರಿದುಹೋಯಿತು. ಬೈದು ಬೈದು ಸಾಕಾಗಿ ಒಬ್ಬಳೇ ಕೂತಾಗ ಮಾತ್ರ ಇನ್ನೊಂದು ಯೋಚನೆ ಬರುತ್ತಿತ್ತು: ನಡುಗಿಸಿದ್ದು ಯಾರು? ಹೋಗು ಎಂದದ್ದು ಮುಫದ್ದಲನಲ್ಲ.

ಶುಕ್ರವಾರ ಮಧ್ಯಾಹ್ನ ಭಟ್ಟಿಯ ಮುಂದೆ ಹೆಂಗಸರ ಸಾಲು. ತಾಮು ಬೀದಿಯ ಕಡೆ ನೋಡಬಾರದೆಂದು ಬೆನ್ನು ಹಾಕಿ ನಿಂತಿದ್ದಳು. ಸಾಲು ತಟ್ಟನೆ ಮೌನವಾಯಿತು. ತಿರುಗಿದರೆ ಫ್ರೇಹಾ. ಒಂದು ಕಂಕುಳಲ್ಲಿ ಗಡಿಗೆ, ಇನ್ನೊಂದು ಕೈಯಲ್ಲಿ ಹೊಲಿಗೆಗೆ ಕೂರುವ ಸ್ಟೂಲು. ಯಾರನ್ನೂ ಕೇಳದೆ ಒಳಗೆ ಬಂದು, ಒಲೆಯ ಬಾಯಿಗೆ ಎದುರಾಗಿ ಸ್ಟೂಲನ್ನು ಕುಕ್ಕಿ, ಅದರ ಮೇಲೆ ತಾನೂ ಕುಕ್ಕರಿಸಿದಳು.

"ಇದೇನೇ?" ಎಂದಳು ತಾಮು.

"ಸ್ಟೂಲು. ಕಣ್ಣು ಹೋಗಿದ್ಯಾ?"

"ಯಾಕೆ ಅಂತ ಕೇಳಿದ್ದು."

"ನಿನ್ನ ನಂಬಲ್ಲ, ಅದಕ್ಕೆ." ಫ್ರೇಹಾ ಹೆಂಗಸರ ಕಡೆ ತಿರುಗಿ ದನಿ ಏರಿಸಿದಳು. "ಎಲ್ರೂ ಕೇಳಿಸ್ಕೊಳ್ಳಿ! ಈ ಕತ್ತೇನ ನಾನು ನಂಬಲ್ಲ! ನನಗೆ ಒಂಟೆ ತಿನ್ಸಿದಾಳೆ. ಇವತ್ತಿಂದ ನನ್ನ ಗಡಿಗೆ ಎಲ್ಲಿಡ್ತಾಳೆ, ಪಕ್ಕದಲ್ಲಿ ಏನಿಡ್ತಾಳೆ, ನಾನಿಲ್ಲೇ ಕೂತು ನೋಡ್ತೀನಿ. ಹೊತ್ತು ಮುಳುಗೋವರೆಗೂ ಕೂತಿರ್ತೀನಿ. ನಾಳೆ ಬೆಳಗಾಗುತ್ಲೂ ಬರ್ತೀನಿ. ಸಾಯೋವರೆಗೂ ಬರ್ತೀನಿ!"

ಸಾಯೋವರೆಗೂ. ತಾಮು ಕೈಯಲ್ಲಿದ್ದ ಸಲಿಕೆಯನ್ನು ನೆಲಕ್ಕೆ ಊರಿದಳು. "ನೀನು ತಂಗಿ ಹತ್ರ ಹೊರಟೆ ಅಂದ್ಕೊಂಡಿದ್ದೆ" ಎಂದಳು.

"ನಿನ್ನ ಮೇಲೆ ಅನುಮಾನ ಇಟ್ಕೊಂಡು ಅಲ್ಲಿ ನನಗೆ ನಿದ್ದೆ ಬರುತ್ತಾ? ಅನುಮಾನ ಇರೋರ ಎದುರಿಗೇ ಕೂತಿರ್ಬೇಕು."

ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ತಾಮುವಿಗೆ ಖುಷಿ ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ಎರಡನ್ನೂ ಹೊಗೆಯ ಮೇಲೆ ಹಾಕಿ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸ್ಟೂಲಿನ ಕಾಲನ್ನು ಒದ್ದು, ಫ್ರೇಹಾ ಸಮೇತ ಒಂದು ಗೇಣು ಹಿಂದಕ್ಕೆ ತಳ್ಳಿದಳು.

"ದೂರ ಕೂತ್ಕೊಳ್ಳೇ, ಲಂಗ ಸುಟ್ಟೀತು. ಆಮೇಲೆ ಅದನ್ನೂ ಬೇಕಂತ್ಲೇ ಮಾಡಿದೆ ಅಂತೀಯ."